ಓದದೆ ನೀಡಿದ ತೀರ್ಪು

ಪವಿತ್ರ ಕುರ್‌ಆನಿನ 49ನೆಯ ಅಧ್ಯಾಯ ಅಲ್ ಹುಜುರಾತ್. ಯಾರೋ ತಂದು ಮುಟ್ಟಿಸಿದ ಸುದ್ದಿಯನ್ನು ಪರಿಶೀಲಿಸದೆ ಸ್ವೀಕರಿಸಬಾರದು, ಅರಿಯದೆ ಇತರರಿಗೆ ಹಾನಿ ಮಾಡಿ ಆಮೇಲೆ ಪರಿತಪಿಸುವಂತಾಗಬಾರದು ಎಂಬ ಎಚ್ಚರಿಕೆ ಅದರಲ್ಲಿದೆ. ಗುಮಾನಿ ಮತ್ತು ಪರನಿಂದೆಯ ನಿಷೇಧವೂ ಅದರಲ್ಲೇ ಇದೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಅರ್ಥಸಹಿತ ಕಲಿಸಿದ ಮೊದಲ ಅಧ್ಯಾಯಗಳಲ್ಲಿ ಅದೂ ಒಂದು. ಅದನ್ನು ಕಲಿಸಿದ ನಾವೇ ಮರೆತು ನಡೆದ ಪ್ರಸಂಗವೊಂದನ್ನು ಇಲ್ಲಿ ಬರೆಯುತ್ತಿದ್ದೇವೆ. ಅಲ್ಲಾಹನು ಮುಚ್ಚಿಟ್ಟ ತಪ್ಪನ್ನು ಮನುಷ್ಯ ತಾನಾಗಿ ಬಿಚ್ಚಿಡಬಾರದೆಂಬ ಬೋಧನೆ ನಮಗೆ ತಿಳಿಯದ್ದಲ್ಲ. ಆದರೆ ನಮ್ಮ ತಪ್ಪು ಮುಚ್ಚಿಟ್ಟದ್ದಲ್ಲ. ಮಸೀದಿಯ ಕೋಣೆಯಲ್ಲಿ ಹತ್ತಾರು ಜನರ ಮುಂದೆ ನಡೆದದ್ದು.

ನಾವು ದಂಪತಿಗಳು ದಕ್ಷಿಣ ಕನ್ನಡದಿಂದ ಹೊರಟು ಬಂದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ನಗರದ ಹೊರವಲಯದಲ್ಲಿ ನೆಲೆಸಿದವರು. 2024ರ ಆಗಸ್ಟ್ ತಿಂಗಳಲ್ಲಿ ನಮ್ಮ ಹಿರಿಯ ಮಗಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ, ಅಂದರೆ ಹನ್ನೆರಡನೆಯ ತರಗತಿಗೆ ಕಾಲಿಟ್ಟಳು. ಇಂಗ್ಲಿಷಿನಲ್ಲಿ ಅವಳು ಆರಿಸಿಕೊಂಡದ್ದು ‘ಎ.ಪಿ. ಲಿಟರೇಚರ್ ಅಂಡ್ ಕಾಂಪೊಸಿಷನ್’ ಎಂಬ ಉನ್ನತ ಮಟ್ಟದ ಪಾಠ. ಎ.ಪಿ. ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. 1950ರ ದಶಕದಿಂದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸಿಕೊಂಡು ಬಂದಿರುವ ವ್ಯವಸ್ಥೆ ಇದು. ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಮಟ್ಟದ ವಿಷಯವನ್ನು ಕಲಿತು, ಮೇ ತಿಂಗಳಲ್ಲಿ ಪರೀಕ್ಷೆ ಬರೆದು, ಒಳ್ಳೆಯ ಅಂಕ ಬಂದರೆ ಅನೇಕ ಕಾಲೇಜುಗಳಲ್ಲಿ ಆ ವಿಷಯದ ಮೊದಲ ಪಾಠದಿಂದ ವಿನಾಯಿತಿ ಪಡೆಯಬಹುದು. ಶುಲ್ಕದ ಉಳಿತಾಯವೆಂಬ ಕಾರಣಕ್ಕೇ ನಾವು ಸಂತೋಷದಿಂದ ಒಪ್ಪಿಗೆ ಕೊಟ್ಟಿದ್ದೆವು. ಅವಳಿಗೆ ಸಾಹಿತ್ಯದಲ್ಲಿ ಆಸಕ್ತಿಯಿದೆಯೆಂಬುದು ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ.

ಪಠ್ಯಗಳ ಪಟ್ಟಿ ಮನೆಗೆ ಬಂತು. ಅದರಲ್ಲಿ ಟೋನಿ ಮಾರಿಸನ್ ಎಂಬ ಕಪ್ಪು ಜನಾಂಗದ ಲೇಖಕಿ 1987ರಲ್ಲಿ ಪ್ರಕಟಿಸಿದ ‘ಬಿಲವಡ್’ ಎಂಬ ಕಾದಂಬರಿಯ ಹೆಸರಿತ್ತು. ಆ ಹೆಸರು ನಮಗೆ ಏನನ್ನೂ ಹೇಳಲಿಲ್ಲ. ವಾರ ಕಳೆಯುವಷ್ಟರಲ್ಲಿ ಪರಿಚಿತರೊಬ್ಬರ ವಾಟ್ಸಾಪ್ ಸಂದೇಶ ಬಂತು: ಆ ಕಾದಂಬರಿಯ ಎರಡು ಪುಟಗಳ ಛಾಯಾಚಿತ್ರ, ಅಲ್ಲಲ್ಲಿ ಹಳದಿ ಬಣ್ಣದ ಗೆರೆ, ಕೆಳಗೆ ‘ನಮ್ಮ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತಿರುವುದು ಇದನ್ನು’ ಎಂಬ ಒಕ್ಕಣೆ. ಗೆರೆ ಎಳೆದ ವಾಕ್ಯಗಳು ನಾಚಿಕೆ ಹುಟ್ಟಿಸುವಂಥವು. ನಾವು ಅದನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಪರದೇಶದಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಈ ಭಯದ ರುಚಿ ಗೊತ್ತಿದೆ. ಉಳಿದವರು ನಮ್ಮನ್ನು ಕ್ಷಮಿಸಲಿ.

ಮರುದಿನವೇ ಶಾಲೆಗೆ ಪತ್ರ ಬರೆದೆವು. ನಮ್ಮ ಮಗಳಿಗೆ ಬೇರೆ ಪುಸ್ತಕ ಕೊಡಬೇಕೆಂದು ಕೇಳುವ ಹಕ್ಕು ನಮಗಿತ್ತು, ಕೇಳಿದೆವು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ. ಈ ಪುಸ್ತಕ ಪಾಪವನ್ನು ವೈಭವೀಕರಿಸುತ್ತದೆ ಎಂದು ಬರೆದೆವು. ಆ ಶುಕ್ರವಾರ ರಾತ್ರಿ ಮಸೀದಿಯ ಅಧ್ಯಯನ ವೃತ್ತದಲ್ಲಿ ಮಾತು ಬಂದಾಗ ಇನ್ನೂ ಮುಂದೆ ಹೋದೆವು. ಆ ಶಿಕ್ಷಕಿಗೆ ಮಕ್ಕಳ ಲಜ್ಜೆಯನ್ನು ಕೆಡಿಸುವುದೇ ಉದ್ದೇಶವೆಂದೆವು. ಆಕೆಯ ಮುಖವನ್ನು ನಾವು ಒಮ್ಮೆಯೂ ಕಂಡಿರಲಿಲ್ಲ. ಅಲ್ಲಿದ್ದ ಒಬ್ಬರು ಅಶ್ಶುಅರಾ ಅಧ್ಯಾಯದ ಉಲ್ಲೇಖ ಮಾಡಿ, ಕವಿಗಳ ಹಿಂದೆ ಹೋಗುವವರು ದಾರಿತಪ್ಪಿದವರೆಂದು ಕುರ್‌ಆನೇ ಹೇಳಿದೆ ಎಂದರು. ನಾವು ತಲೆದೂಗಿದೆವು. ಅದೇ ಅಧ್ಯಾಯ ಕೊನೆಯ ಸೂಕ್ತದಲ್ಲಿ ವಿಶ್ವಾಸವಿಟ್ಟು ಸತ್ಕರ್ಮ ಮಾಡಿದ ಕವಿಗಳನ್ನು ಆ ಮಾತಿನಿಂದ ಹೊರಗಿಟ್ಟಿದೆಯೆಂಬುದು, ಪ್ರವಾದಿ ಮುಹಮ್ಮದ್(ಸ) ಹಸ್ಸಾನ್ ಬಿನ್ ಸಾಬಿತ್(ರ) ಅವರಿಗೆ ಕವಿತೆ ಹೇಳಲೆಂದೇ ಮಸೀದಿಯಲ್ಲಿ ಪೀಠ ಹಾಕಿಸಿದ್ದರೆಂಬುದು ನಮಗೆ ಆ ರಾತ್ರಿ ನೆನಪಾಗಲಿಲ್ಲ. ಅಲ್ಲಿಯೂ ನಾವು ಗೆರೆ ಎಳೆದ ಭಾಗವನ್ನಷ್ಟೇ ಓದಿದ್ದೆವು.

ಶಿಕ್ಷಕಿಯ ಉತ್ತರ ಎರಡೇ ದಿನದಲ್ಲಿ ಬಂತು. ವಾದವಿಲ್ಲ, ಬೇಸರವಿಲ್ಲ. ಬೇರೊಂದು ಕಾದಂಬರಿಯ ಹೆಸರನ್ನು ಸೂಚಿಸಿ, ಉಳಿದವರು ‘ಬಿಲವಡ್’ ಚರ್ಚಿಸುವ ವಾರಗಳಲ್ಲಿ ಮಗಳು ಗ್ರಂಥಾಲಯದಲ್ಲಿ ಕುಳಿತು ಓದಬಹುದೆಂದು ಬರೆದಿದ್ದರು. ಮಗಳು ಎದುರಾಡಲಿಲ್ಲ. ಆದರೆ ಆ ಸಂಜೆ ಊಟದ ಮೇಜಿನಲ್ಲಿ ಅವಳು ಕೇಳಿದ ಒಂದು ಪ್ರಶ್ನೆ ನಮ್ಮಲ್ಲಿ ಉಳಿದುಹೋಯಿತು: ‘ವೈಭವೀಕರಿಸುತ್ತದೆ ಎಂದು ಬರೆದಿದ್ದೀರಲ್ಲ, ಪುಸ್ತಕದಲ್ಲಿ ಎಲ್ಲಿ?’

ಅದು ಅವಿನಯದ ಪ್ರಶ್ನೆಯಲ್ಲ. ಆ ತರಗತಿಯ ಪ್ರಶ್ನೆ. ಅವಳು ತನ್ನ ಹಳೆಯ ಪ್ರಬಂಧವೊಂದನ್ನು ತಂದು ತೋರಿಸಿದಳು. ಬದಿಯಲ್ಲಿ ಐದಾರು ಕಡೆ ಅದೇ ಮಾತು: ಪಠ್ಯದಲ್ಲಿ ಎಲ್ಲಿದೆ? ಆ ಪರೀಕ್ಷೆಯ ಸ್ವರೂಪವನ್ನು ನಾವು ಮೊದಲ ಬಾರಿಗೆ ವಿವರವಾಗಿ ಕೇಳಿ ತಿಳಿದದ್ದು ಆಗ. ಒಟ್ಟು ಮೂರು ಗಂಟೆ. ಮೊದಲ ಒಂದು ಗಂಟೆಯಲ್ಲಿ 55 ಆಯ್ಕೆ ಪ್ರಶ್ನೆಗಳು. ಉಳಿದ ಎರಡು ಗಂಟೆಗಳಲ್ಲಿ ಮೂರು ಪ್ರಬಂಧಗಳು: ಒಂದು ಕವಿತೆಯ ಮೇಲೆ, ಒಂದು ಗದ್ಯಭಾಗದ ಮೇಲೆ, ಮೂರನೆಯದು ವಿದ್ಯಾರ್ಥಿ ತಾನು ಓದಿದ ಕೃತಿಯೊಂದನ್ನು ಆರಿಸಿಕೊಂಡು, ಆ ಪುಸ್ತಕ ಕೈಯಲ್ಲಿಲ್ಲದೆ ಬರೆಯಬೇಕಾದದ್ದು. ಪ್ರತಿ ಪ್ರಬಂಧಕ್ಕೆ ಆರು ಅಂಕ. ಅದರಲ್ಲಿ ನಿಲುವನ್ನು ಹೇಳುವುದಕ್ಕೆ ಒಂದೇ ಅಂಕ. ಆ ನಿಲುವಿಗೆ ಪಠ್ಯದಿಂದ ಪುರಾವೆ ತಂದು, ಆ ಪುರಾವೆ ಹೇಗೆ ನಿಲುವನ್ನು ಎತ್ತಿಹಿಡಿಯುತ್ತದೆಂದು ವಿವರಿಸುವುದಕ್ಕೆ ನಾಲ್ಕು. ಕೃತಿಯ ಸಂಕೀರ್ಣತೆಯನ್ನು ಅರಿತು ಬರೆದುದಕ್ಕೆ ಮತ್ತೊಂದು. ನಮ್ಮ ಪತ್ರವನ್ನು ಆ ಅಳತೆಗೋಲಿನಲ್ಲಿಟ್ಟರೆ ಎಷ್ಟು ಬರುತ್ತಿತ್ತು ಎಂದು ಮಗಳು ಕೇಳಲಿಲ್ಲ. ನಾವೇ ಲೆಕ್ಕ ಹಾಕಿಕೊಂಡೆವು.

ಪುರಾವೆಯಿಲ್ಲದೆ ಮಾತು ನಡೆಯದೆಂಬುದು ನಮ್ಮ ಪರಂಪರೆಗೆ ಹೊಸದೇನಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಯಾರಿಂದ, ಯಾರ ಮೂಲಕ ಬಂತು ಎಂದು ಕೊಂಡಿ ಕೊಂಡಿಯಾಗಿ ಪರಿಶೀಲಿಸಿದರು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂಬ ಅರ್ಥದ ಪ್ರವಾದಿ(ಸ) ವಚನವನ್ನು ಇಮಾಮ್ ಮುಸ್ಲಿಮ್ ತಮ್ಮ ಸಂಗ್ರಹದ ಮುನ್ನುಡಿಯಲ್ಲೇ ಇರಿಸಿದ್ದಾರೆ. ಇನ್ನು ಪದಗಳ ವಿಷಯ. ಹಿಜರಿ 471ರ ಸುಮಾರಿಗೆ ನಿಧನರಾದ ಅಬ್ದುಲ್ ಕಾಹಿರ್ ಅಲ್ ಜುರ್ಜಾನಿ ತಮ್ಮ ‘ದಲಾಇಲುಲ್ ಇಅ್‌ಜಾಝ್’ ಗ್ರಂಥದಲ್ಲಿ ಕುರ್‌ಆನಿನ ಅಸಾಮಾನ್ಯತೆ ಬಿಡಿ ಪದಗಳಲ್ಲಿಲ್ಲ, ಪದಗಳು ಒಂದಕ್ಕೊಂದು ಹೆಣೆದುಕೊಂಡಿರುವ ವಿನ್ಯಾಸದಲ್ಲಿದೆ ಎಂದು ವಾದಿಸಿದರು. ಈ ಪದ ಇಲ್ಲಿಯೇ ಏಕೆ ಬಂತು, ಅದರ ಸ್ಥಾನ ಬದಲಾದರೆ ಅರ್ಥಕ್ಕೇನಾಗುತ್ತದೆ ಎಂದು ಕೇಳುವುದನ್ನು ಅವರು ಕಲಿಸಿದರು. ನಮ್ಮ ಮಗಳ ತರಗತಿಯಲ್ಲಿ ಹದಿನಾಲ್ಕು ಸಾಲಿನ ಕವಿತೆಯೊಂದನ್ನು ಮುಂದಿಟ್ಟುಕೊಂಡು ಮಕ್ಕಳು ಕೇಳುತ್ತಿದ್ದ ಪ್ರಶ್ನೆಯೂ ಇದೇ. ಜುರ್ಜಾನಿಯವರ ಹೆಸರನ್ನು ನಾವು ಕೇಳಿದ್ದೆವು, ಗೌರವದಿಂದ ಉಚ್ಚರಿಸಿದ್ದೆವು ಕೂಡ. ಅವರ ವಿಧಾನವನ್ನು ಒಂದು ಪುಟಕ್ಕಾದರೂ ಬಳಸಿದ್ದು ನೆನಪಿಲ್ಲ.

ಕೊನೆಗೆ ನಾವು ಆ ಪುಸ್ತಕವನ್ನು ಓದಲು ನಿರ್ಧರಿಸಿದೆವು. ಸಾರ್ವಜನಿಕ ಗ್ರಂಥಾಲಯದಿಂದ ಪ್ರತಿ ತಂದೆವು. ಒಬ್ಬರು ರೈಲಿನಲ್ಲಿ, ಒಬ್ಬರು ರಾತ್ರಿ ಅಡುಗೆಮನೆಯಲ್ಲಿ. ಮುಗಿಸಲು ಮೂರು ವಾರ ಹಿಡಿಯಿತು. ಅದು ಸುಲಭದ ಪುಸ್ತಕವಲ್ಲ. ಕಾಲ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಯಾರು ಮಾತಾಡುತ್ತಿದ್ದಾರೆಂದು ತಿಳಿಯಲು ಹಿಂದಿನ ಪುಟಕ್ಕೆ ಹೋಗಬೇಕಾಗುತ್ತದೆ.

ಕಥೆಯ ಬೇರು ನಿಜವಾದ ಘಟನೆಯಲ್ಲಿದೆ. 1856ರಲ್ಲಿ ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಸ್ತ್ರೀ ಕೆಂಟಕಿಯಿಂದ ಹೆಪ್ಪುಗಟ್ಟಿದ ಓಹಾಯೋ ನದಿಯನ್ನು ದಾಟಿ ಮಕ್ಕಳೊಂದಿಗೆ ತಪ್ಪಿಸಿಕೊಂಡಳು. ಬೆನ್ನಟ್ಟಿ ಬಂದವರು ಮನೆಯನ್ನು ಸುತ್ತುವರಿದಾಗ, ಮಕ್ಕಳನ್ನು ಮತ್ತೆ ಗುಲಾಮಗಿರಿಗೆ ಒಪ್ಪಿಸಲಾರದೆ ತನ್ನ ಹೆಣ್ಣುಮಗುವನ್ನು ತಾನೇ ಕೊಂದಳು. ತಪ್ಪಿಸಿಕೊಂಡವರನ್ನು ಸ್ವತಂತ್ರ ರಾಜ್ಯಗಳಿಂದಲೂ ಹಿಡಿದು ಮಾಲೀಕರಿಗೆ ಮರಳಿಸಬೇಕೆಂಬ 1850ರ ಕಾನೂನು ಆಗ ಜಾರಿಯಲ್ಲಿತ್ತು. ಕಾದಂಬರಿಯಲ್ಲಿ ಆ ತಾಯಿಯ ಹೆಸರು ಸೆಥೆ. ಕೊಲೆಯಾದ ಮಗು ವರ್ಷಗಳ ನಂತರ ಯುವತಿಯ ರೂಪದಲ್ಲಿ ಮನೆಬಾಗಿಲಿಗೆ ಬರುತ್ತದೆ. ಅವಳ ಹೆಸರು ಬಿಲವಡ್, ಎಂದರೆ ಪ್ರೀತಿಪಾತ್ರಳು. ಮಗುವಿನ ಗೋರಿಕಲ್ಲಿನ ಮೇಲೆ ಕೆತ್ತಿದ್ದ ಒಂದೇ ಪದ ಅದು.

ನಮಗೆ ಕಳುಹಿಸಿದ್ದ ಛಾಯಾಚಿತ್ರದ ವಾಕ್ಯಗಳಲ್ಲಿ ಕೆಲವು ಎಲ್ಲಿಯವೆಂಬುದು ಮೊದಲ ಅಧ್ಯಾಯದಲ್ಲೇ ತಿಳಿಯಿತು. ಗೋರಿಕಲ್ಲಿನ ಆ ಒಂದು ಪದವನ್ನು ಕೆತ್ತಿಸಲು ತಾಯಿಯ ಬಳಿ ಹಣವಿರಲಿಲ್ಲ. ಇಂಗ್ಲಿಷಿನಲ್ಲಿ ಏಳು ಅಕ್ಷರಗಳ ಆ ಪದಕ್ಕೆ ಕಲ್ಲುಕುಟಿಗನು ಅವಳಿಂದ ಕೇಳಿದ ಬೆಲೆ ಏನೆಂಬುದನ್ನು ನಾವು ಇಲ್ಲಿ ಬರೆಯಬೇಕಾಗಿಲ್ಲ. ಹಳದಿ ಗೆರೆ ಇದ್ದದ್ದು ಅಲ್ಲಿ. ಯಾವ ವಾಕ್ಯಗಳನ್ನು ನಾವು ಅಶ್ಲೀಲತೆಯ ವೈಭವೀಕರಣವೆಂದು ಶಾಲೆಗೆ ಬರೆದುಕೊಟ್ಟಿದ್ದೆವೋ ಅವು ಸತ್ತ ಮಗುವಿನ ಗೋರಿಗೆ ಒಂದು ಹೆಸರಿರಲೆಂದು ತಾಯಿಯೊಬ್ಬಳು ಅನುಭವಿಸಿದ ಅವಮಾನದ ವಾಕ್ಯಗಳಾಗಿದ್ದವು. ಗೆರೆ ಎಳೆದವರು ಆಚೆಗಿನ ಸಾಲನ್ನು ಓದಿದ್ದರೋ ಇಲ್ಲವೋ; ನಾವಂತೂ ಓದಿರಲಿಲ್ಲ.

ಆ ಪುಸ್ತಕದ ಎಲ್ಲ ಪುಟಗಳನ್ನೂ ನಾವು ಮೆಚ್ಚಿದೆವೆಂದು ತಿಳಿಯಬಾರದು. ಮಕ್ಕಳ ಮುಂದೆ ಗಟ್ಟಿಯಾಗಿ ಓದಲಾರದ ಭಾಗಗಳು ಅದರಲ್ಲಿವೆ. ಹದಿಮೂರರ ಹುಡುಗಿಗೆ ನಾವು ಅದನ್ನು ಕೊಡುವುದಿಲ್ಲ. ಹದಿನೇಳರವಳಿಗೆ ಕೊಡುವಾಗಲೂ ಜೊತೆಗೆ ಕುಳಿತು ಮಾತಾಡುತ್ತೇವೆ. ಇದೇ ಕಾದಂಬರಿಯ ಬಗ್ಗೆ ತಾಯಿಯೊಬ್ಬರು ಎತ್ತಿದ ಆಕ್ಷೇಪದಿಂದ ವರ್ಜೀನಿಯಾ ರಾಜ್ಯದಲ್ಲಿ ದೊಡ್ಡ ವಿವಾದವೇ ನಡೆದಿತ್ತು. ಅಶ್ಲೀಲ ಭಾಗಗಳಿರುವ ಪಠ್ಯದ ಬಗ್ಗೆ ಪೋಷಕರಿಗೆ ಮುಂಚಿತವಾಗಿ ತಿಳಿಸಬೇಕೆಂಬ ಮಸೂದೆಯನ್ನು 2016ರಲ್ಲಿ ಅಲ್ಲಿನ ಶಾಸನಸಭೆ ಅಂಗೀಕರಿಸಿತು, ಗವರ್ನರ್ ತಡೆಹಿಡಿದರು. 2025ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟು, ಎಳೆಯ ಮಕ್ಕಳ ಕಥಾಪುಸ್ತಕಗಳ ವಿಷಯದಲ್ಲಿ, ಮೇರಿಲ್ಯಾಂಡಿನ ಮುಸ್ಲಿಮ್ ಮತ್ತು ಕ್ರೈಸ್ತ ಪೋಷಕರ ಪರವಾಗಿ ನಿಂತಿತು. ಪೋಷಕರ ಆ ಹಕ್ಕನ್ನು ನಾವು ಹಗುರವಾಗಿ ಕಾಣುವವರಲ್ಲ. ನಮ್ಮ ಮಕ್ಕಳನ್ನು ಒಂದು ಪುಸ್ತಕದಿಂದ ದೂರವಿಡುವುದು ಬೇರೆ. ಆ ಪುಸ್ತಕದಲ್ಲಿಲ್ಲದ್ದನ್ನು ಅದರಲ್ಲಿದೆಯೆಂದು ಸಾಕ್ಷಿ ಹೇಳುವುದು ಬೇರೆ. ನಾವು ಎರಡನ್ನೂ ಮಾಡಿದ್ದೆವು.

ಓದುತ್ತ ಹೋದಂತೆ ಇನ್ನೊಂದು ವಿಷಯ ನಮ್ಮನ್ನು ಹಿಡಿದಿತು. ಗುಲಾಮರಾಗಿ ಇಲ್ಲಿಗೆ ತರಲ್ಪಟ್ಟವರಲ್ಲಿ ನಮ್ಮದೇ ಕಲಿಮಾ ಹೇಳುವ ಜನರೂ ಇದ್ದರು. ಉಮರ್ ಬಿನ್ ಸಈದ್ ಎಂಬ ವಿದ್ವಾಂಸರನ್ನು ಪಶ್ಚಿಮ ಆಫ್ರಿಕಾದ ಫೂತಾ ತೋರೋ ಪ್ರದೇಶದಿಂದ ಸೆರೆಹಿಡಿದು 1807ರಲ್ಲಿ ಚಾರ್ಲ್ಸ್‌ಟನ್ ಬಂದರಿನಲ್ಲಿ ಮಾರಿದರು. ತಪ್ಪಿಸಿಕೊಂಡು ಮತ್ತೆ ಸಿಕ್ಕಿಬಿದ್ದಾಗ ಅವರು ಸೆರೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಅರಬೀ ಬರೆದರಂತೆ. 1831ರಲ್ಲಿ ತಮ್ಮ ಜೀವನವನ್ನು ಅರಬೀ ಭಾಷೆಯಲ್ಲೇ ಬರೆದರು. ಆ ಹಸ್ತಪ್ರತಿ ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅವರು ಕ್ರೈಸ್ತರಾದರೆಂಬ ದಾಖಲೆಯೂ ಉಂಟು. ಆದರೆ ಆ ಬರಹದ ಆರಂಭದಲ್ಲಿ ಅವರು ನೆನಪಿನಿಂದ ಬರೆದಿರುವುದು ಅಲ್ ಮುಲ್ಕ್ ಅಧ್ಯಾಯ, ಎಂದರೆ ಒಡೆತನವೆಲ್ಲ ಅಲ್ಲಾಹನ ಕೈಯಲ್ಲಿದೆಯೆಂದು ಆರಂಭವಾಗುವ ಅಧ್ಯಾಯ. ಒಬ್ಬನ ಒಡೆತನದಲ್ಲಿರುವ ಮನುಷ್ಯ ತನ್ನ ಕಥೆ ಹೇಳುವ ಮೊದಲು ಕುರ್‌ಆನಿನ 114 ಅಧ್ಯಾಯಗಳಲ್ಲಿ ಅದನ್ನೇ ಏಕೆ ಆರಿಸಿದನು? ಈ ಪ್ರಶ್ನೆಯನ್ನು ಹೀಗೆ ಕೇಳಬಹುದೆಂದು ನಮಗೆ ಗೊತ್ತಾದದ್ದು ಮಗಳ ತರಗತಿಯಿಂದ. ಉಮರ್ 1864ರಲ್ಲಿ ತೀರಿಕೊಂಡಾಗಲೂ ಗುಲಾಮರೇ ಆಗಿದ್ದರು.

ಪುಸ್ತಕ ಮುಗಿಸಿದ ರಾತ್ರಿ ನಾವು ಮಗಳಿಗೆ ಕಥೆ ಹೇಳಿದೆವು. ಅವಳು ಸುಮ್ಮನೆ ಕೇಳಿ, ‘ಅತ್ತಕ್ವೀರ್’ ಎಂದಳು. ಅಂತ್ಯದಿನದಂದು ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು, ನಿನ್ನನ್ನು ಕೊಂದದ್ದು ಯಾವ ಅಪರಾಧಕ್ಕೆಂದು ಕೇಳಲಾಗುವ ದೃಶ್ಯ ಆ ಅಧ್ಯಾಯದಲ್ಲಿದೆ. ಅವಳು ಅದನ್ನು ಏಳನೆಯ ವಯಸ್ಸಿನಲ್ಲಿ ಕಂಠಪಾಠ ಮಾಡಿದ್ದಳು. ‘ಅಲ್ಲಿ ಕೊಂದವನನ್ನು ಕೇಳುವುದಿಲ್ಲ, ಸತ್ತವಳನ್ನು ಕೇಳುತ್ತಾರೆ. ಏಕೆ?’ ಎಂದು ನಮ್ಮನ್ನೇ ಕೇಳಿದಳು. ವ್ಯಾಖ್ಯಾನಕಾರರು ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಕೊಂದವನನ್ನು ಖಂಡಿಸುವ ರೀತಿಯೇ ಅದು; ಅವನು ಮಾತಾಡಿಸಲೂ ಅರ್ಹನಲ್ಲ. ನಾವು ಅದನ್ನು ಹೇಳಿದೆವು. ಅವಳು ತುಸು ಹೊತ್ತು ಯೋಚಿಸಿ, ‘ಹಾಗಾದರೆ ಈ ಪುಸ್ತಕದಲ್ಲಿ ಆ ಮಗು ಯಾರನ್ನು ಖಂಡಿಸಲು ಬಂದಿದೆ? ತಾಯಿಯನ್ನೋ, ತಾಯಿಯನ್ನು ಅಲ್ಲಿಗೆ ತಂದು ನಿಲ್ಲಿಸಿದವರನ್ನೋ?’ ಎಂದಳು. ನಮ್ಮ ಬಳಿ ಉತ್ತರವಿರಲಿಲ್ಲ. ಆ ರಾತ್ರಿ ಆ ಪುಸ್ತಕವನ್ನು ಅವಳ ಕೈಗೆ ಕೊಟ್ಟೆವು.

ಇನ್ನುಳಿದದ್ದು ಶಿಕ್ಷಕಿಯ ವಿಷಯ. ಅಲ್ಲಾಹನೊಂದಿಗಿನ ತಪ್ಪಿಗೆ ಅಲ್ಲಾಹನಲ್ಲಿ ಕ್ಷಮೆ ಬೇಡಿದರೆ ಸಾಕು. ಮನುಷ್ಯರ ಮಾನಕ್ಕೆ ಮಾಡಿದ ಹಾನಿ ಹಾಗಲ್ಲ, ಆ ಮನುಷ್ಯರೇ ಬಿಟ್ಟುಕೊಡಬೇಕು. ಇದು ನಮಗೆ ಗೊತ್ತಿತ್ತು. ಆದರೂ ಎರಡು ವಾರ ನೆಪ ಹುಡುಕಿದೆವು. ಆಕೆಗೆ ನಾವು ಆಡಿದ ಮಾತು ತಿಳಿದೇ ಇಲ್ಲ, ತಿಳಿಸಿ ನೋಯಿಸುವುದೇಕೆ ಎಂಬುದು ನಮ್ಮ ವಾದ. ಹಾಗೆ ಹೇಳಿದ ವಿದ್ವಾಂಸರೂ ಇದ್ದಾರೆ. ಆದರೆ ಪತ್ರ ಆಕೆಯ ಕೈಯಲ್ಲೇ ಇತ್ತು, ಅಷ್ಟಕ್ಕಾದರೂ ಹೋಗಲೇಬೇಕಿತ್ತು. ಮೊದಲು ಮಸೀದಿಯ ವೃತ್ತದಲ್ಲಿ, ಹಿಂದೆ ಮಾತಾಡಿದ ಅದೇ ಜಾಗದಲ್ಲಿ ಕುಳಿತು, ನಾವು ಪುಸ್ತಕವನ್ನು ಓದದೆ ಮಾತಾಡಿದ್ದೆವು, ಆ ಶಿಕ್ಷಕಿಯ ಉದ್ದೇಶದ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ ಎಂದು ಹೇಳಿದೆವು. ಕೆಲವರು ಒಪ್ಪಿದರು. ಒಬ್ಬರು ಎದ್ದು ಹೋದರು. ಎರಡು ಪುಟಗಳ ಚಿತ್ರ ಕಳುಹಿಸಿದವರು ಇಂದಿಗೂ ನಮ್ಮೊಂದಿಗೆ ಮೊದಲಿನಂತಿಲ್ಲ.

ಶಿಕ್ಷಕಿಯನ್ನು ಕಾಣಲು ಇಬ್ಬರೂ ಹೋದೆವು. ಮಧ್ಯವಯಸ್ಸಿನ, ಸಣ್ಣ ದನಿಯ ಹೆಣ್ಣುಮಗಳು. ಕೈಗೆ ಸೀಮೆಸುಣ್ಣ ಮೆತ್ತಿತ್ತು. ಪತ್ರದಲ್ಲಿ ಬರೆದ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ, ಇನ್ನೊಂದು ಕಡೆಯೂ ನಿಮ್ಮ ಬಗ್ಗೆ ಆಡಬಾರದ್ದನ್ನು ಆಡಿದ್ದೆವು, ಕ್ಷಮಿಸಬೇಕು ಎಂದೆವು. ಆಕೆ ಏನು ಆಡಿದಿರೆಂದು ಕೇಳಲಿಲ್ಲ. ‘ಪುಸ್ತಕವನ್ನು ಕೊನೆಯವರೆಗೆ ಓದಿದಿರಾ?’ ಎಂದು ಮಾತ್ರ ಕೇಳಿದರು. ಹೌದೆಂದಾಗ, ಈ ಕೋಣೆಯಲ್ಲಿ ಹಲವು ಮಕ್ಕಳೂ ಓದಿಲ್ಲ ಎಂದು ನಕ್ಕರು. ನಕ್ಕದ್ದೇ ಕ್ಷಮೆಯೆಂದು ತಿಳಿದು ಮನೆಗೆ ಬಂದೆವು. ಅಲ್ಲಾಹನಲ್ಲಿಯೂ ಅದು ಹಾಗೆಯೇ ದಾಖಲಾಗಲಿ.

ಮಗಳು ತರಗತಿಗೆ ಮರಳುವಷ್ಟರಲ್ಲಿ ಚರ್ಚೆ ಬಹುಪಾಲು ಮುಗಿದಿತ್ತು. ಮಾರ್ಚಿಯಲ್ಲಿ ರಮಝಾನ್ ಬಂತು. ಸಹರಿಯ ನಂತರ ಫಜ್ರ್‌ವರೆಗೆ, ಆಮೇಲೆ ಶಾಲೆಯ ಬಸ್ಸು ಬರುವವರೆಗೆ, ಗಡಿಯಾರ ಮುಂದಿಟ್ಟುಕೊಂಡು ನಲವತ್ತು ನಿಮಿಷಕ್ಕೊಂದು ಪ್ರಬಂಧ ಬರೆಯುವ ಅಭ್ಯಾಸ ನಡೆಯಿತು. ಅತ್ತಕ್ವೀರ್ ಮತ್ತು ‘ಬಿಲವಡ್’ ಎರಡನ್ನೂ ಕೂಡಿಸಿ ಅವಳು ಬರೆದ ಪ್ರಬಂಧಕ್ಕೆ ಶಿಕ್ಷಕಿ ಆರರಲ್ಲಿ ನಾಲ್ಕು ಕೊಟ್ಟರು. ಕುರ್‌ಆನಿನ ಭಾಗ ಅವರಿಗೆ ಹಿಡಿಸಿತ್ತು. ಕಾದಂಬರಿಯಿಂದ ಕೊಟ್ಟ ಪುರಾವೆ ಸಾಲದೆಂಬುದು ಅವರ ಟಿಪ್ಪಣಿ. ಬದಿಯಲ್ಲಿ ಮತ್ತೆ ಅದೇ ಮಾತು. ನಾವು ಓದಿ ನೋಡಿದೆವು. ಶಿಕ್ಷಕಿಯ ಮಾತು ಸರಿಯಾಗಿತ್ತು.

ಮೇ ತಿಂಗಳ ಮೊದಲ ಭಾಗದಲ್ಲಿ ಪರೀಕ್ಷೆ ಮುಗಿಯಿತು. ಅದೇ ತಿಂಗಳ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸುದ್ದಿ ನಮ್ಮ ಫೋನುಗಳನ್ನು ತುಂಬಿತು. ಕನ್ನಡದಿಂದ ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡದ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮಗಳು ಸಂಭ್ರಮದಿಂದ, ‘ಇವರು ನಮ್ಮವರಲ್ಲವೇ, ನಿಮಗೆ ಗೊತ್ತೇ?’ ಎಂದು ಕೇಳಿದಳು. ಊರಿನಲ್ಲಿದ್ದಾಗ ಅವರ ಹೆಸರು ಕೇಳಿದ್ದೆವು. ಅವರ ಬಗ್ಗೆ ಸಮುದಾಯದಲ್ಲಿ ಆಡುತ್ತಿದ್ದ ಮಾತುಗಳನ್ನೂ ಕೇಳಿದ್ದೆವು, ಒಂದೆರಡು ಬಾರಿ ಅವಕ್ಕೆ ನಮ್ಮದೂ ಸೇರಿಸಿದ್ದೆವು. ಅವರ ಒಂದು ಕಥೆಯನ್ನಾದರೂ ಓದಿದ್ದೇವೆಯೇ ಎಂದು ಅವಳು ಕೇಳುವ ಮೊದಲೇ ನಾವು ಇಲ್ಲವೆಂದೆವು.

ಈಗ ಊರಿನಿಂದ ಕನ್ನಡದ ಪ್ರತಿ ತರಿಸಿದ್ದೇವೆ. ಇಂಗ್ಲಿಷ್ ಪ್ರತಿ ಮಗಳ ಕೈಯಲ್ಲಿದೆ. ಶನಿವಾರ ಇಶಾ ನಮಾಝಿನ ನಂತರ ನಾವು ಒಂದು ಕಥೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇವೆ. ಅವಳು ಇಂಗ್ಲಿಷಿನ ಪುಟದ ಮೇಲೆ ಬೆರಳಿಟ್ಟುಕೊಂಡು ಹಿಂಬಾಲಿಸುತ್ತಾಳೆ. ಕನ್ನಡ ಅವಳಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಒಪ್ಪಲಾಗದ ಮಾತು ಬಂದಾಗ ನಾವು ಓದುವುದನ್ನು ನಿಲ್ಲಿಸುತ್ತೇವೆ. ಅವಳು ಬೆರಳನ್ನು ಅಲ್ಲಿಯೇ ಇಟ್ಟುಕೊಂಡು, ಮುಂದಿನ ಸಾಲು ಓದಿ ಎನ್ನುತ್ತಾಳೆ.